ಊರಿಗೆ ಒದಗುವ ಎಂಜಿನಿಯರ್: ಉಡುಪಿ ಜಿಲ್ಲೆ ಕಲಿಸುವ ಪಾಠ

ಉಡುಪಿ ಜಿಲ್ಲೆಯಲ್ಲಿ ಎಂಜಿನಿಯರ್ ಇಲ್ಲದ ಕುಟುಂಬ ಹುಡುಕುವುದು ಇಂದು ಸುಲಭವಲ್ಲ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು 1957ರಲ್ಲಿ ಶುರುವಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಇನ್ನೊಂದು ಬಂತು. ಆಮೇಲೆ ಬಂಟಕಲ್ಲಿನಂಥ ಹಳ್ಳಿಗೂ ಕಾಲೇಜು ತಲುಪಿತು. ಅಲ್ಲಿ ಕಲಿತವರು ಬೆಂಗಳೂರಿನಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಸಂಬಳದ ಚಿಂತೆ ಸ್ವಲ್ಪ ತಗ್ಗಿದ ಮೇಲೆ ಅವರಲ್ಲಿ ಅನೇಕರನ್ನು ಒಂದು ಪ್ರಶ್ನೆ ಕಾಡುತ್ತದೆ: ಕಲಿತ ವಿದ್ಯೆ ನಾಲ್ಕು ಜನರಿಗೆ ಒದಗಬೇಕಾದರೆ ಯಾವ ಕೆಲಸ ಹಿಡಿಯಬೇಕು? ಕೊನೆಯ ವರ್ಷದ ವಿದ್ಯಾರ್ಥಿಗಳಂತೂ ಕ್ಯಾಂಪಸ್ ಆಯ್ಕೆಗೆ ಮೊದಲೇ ಇದನ್ನು ಕೇಳತೊಡಗಿದ್ದಾರೆ.

ಪ್ರಶ್ನೆ ಸಣ್ಣದಲ್ಲ. ವಾರಕ್ಕೆ 40 ಗಂಟೆಯಂತೆ, ವರ್ಷಕ್ಕೆ 50 ವಾರ, 40 ವರ್ಷ ದುಡಿದರೆ ಒಬ್ಬರ ವೃತ್ತಿಜೀವನ 80,000 ಗಂಟೆಯಾಗುತ್ತದೆ. ಈ ಲೆಕ್ಕವನ್ನೇ ಹೆಸರಾಗಿಸಿಕೊಂಡ ‘80,000 ಅವರ್ಸ್’ ಎಂಬ ಸಂಸ್ಥೆ 2011ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿ, ಯಾವ ವೃತ್ತಿಯಿಂದ ಲೋಕಕ್ಕೆ ಹೆಚ್ಚು ಹಿತ ಎಂದು ತೂಗಿ ನೋಡಲು ಹೊರಟಿತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಚೆನ್ನಾಗಿ ಸಂಪಾದಿಸು, ಆಮೇಲೆ ಊರಿಗೆ ಕೊಡು ಎನ್ನುವುದು ಒಂದು. ಕೆಲಸ ಬಿಟ್ಟು ಸೇವೆಗೆ ಇಳಿ ಎನ್ನುವುದು ಇನ್ನೊಂದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಎಂಜಿನಿಯರ್‌ಗಳ ಕೆಲಸ ಜನರಿಗೆ ಎಲ್ಲಿ ದಕ್ಕಿತು, ಎಲ್ಲಿ ದಕ್ಕಲಿಲ್ಲ ಎಂದು ನೋಡುತ್ತ ಹೋದರೆ ಈ ಎರಡೂ ಉತ್ತರಗಳು ಸಾಲವು ಎನಿಸುತ್ತದೆ.

ಬ್ಯಾಂಕು ಕಟ್ಟಿದ ಎಂಜಿನಿಯರ್, ಬ್ಯಾಂಕಿಗೆ ಹೋದ ಎಂಜಿನಿಯರ್

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ಡಾ. ಟಿ.ಎಂ.ಎ. ಪೈ ವೈದ್ಯರು, ವಾಮನ ಕುಡ್ವ ಎಂಜಿನಿಯರ್. ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲ ಅದು. ಮಗ್ಗವನ್ನು ಸುಧಾರಿಸುವುದು ಎಂಜಿನಿಯರ್‌ಗೆ ಸಹಜವಾಗಿ ಹೊಳೆಯುವ ದಾರಿ. ಆದರೆ ನೇಕಾರನಿಗೆ ಆಗ ಬೇಕಾಗಿದ್ದುದು ನೂಲಿಗೆ ಬಂಡವಾಳ. 1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಪದ್ಧತಿ ಅದು. ದಿನಗೂಲಿಯವರ ಆದಾಯ ದಿನದಿನ ಬರುತ್ತದೆ, ಆದ್ದರಿಂದ ಉಳಿತಾಯವೂ ದಿನದಿನವೇ ನಡೆಯಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಕರಾವಳಿಯ ಅಂಗಡಿಗಳಲ್ಲಿ ಇನ್ನೂ ಬಳಕೆಯಲ್ಲಿದೆ.

ಆ ಬ್ಯಾಂಕು ಹುಟ್ಟಿದ ಎಪ್ಪತ್ತು ವರ್ಷಗಳ ನಂತರ ಇನ್ನೊಬ್ಬ ಎಂಜಿನಿಯರ್ ಇದೇ ತಿಳಿವಳಿಕೆಗೆ ಬೇರೆ ದಾರಿಯಿಂದ ಬಂದರು. ಹರೀಶ್ ಹಂದೆ ಅವರ ಮೂಲ ಉಡುಪಿ ಜಿಲ್ಲೆಯ ಹಂದಟ್ಟು, ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಖರಗ್‌ಪುರದ ಐಐಟಿಯಲ್ಲಿ ಇಂಧನ ಎಂಜಿನಿಯರಿಂಗ್ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ತೊಡಗಿದ್ದರು. ಡೊಮಿನಿಕನ್ ರಿಪಬ್ಲಿಕ್‌ನ ಬಡ ಮನೆಗಳಲ್ಲಿ ಸೌರದೀಪ ಉರಿಯುವುದನ್ನು ಕಂಡ ಮೇಲೆ ಅವರ ಸಂಶೋಧನೆಯ ವಿಷಯವೇ ಬದಲಾಯಿತು. ಶ್ರೀಲಂಕಾದ ಕತ್ತಲ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು ಜನ ಹೇಗೆ ಬದುಕುತ್ತಾರೆಂದು ನೋಡಿದರು. 1995ರಲ್ಲಿ ಅವರ ಸೌರದೀಪ ಸಂಸ್ಥೆ ಸೆಲ್ಕೋ ಶುರುವಾಯಿತು.

ಸೌರಫಲಕ, ಬ್ಯಾಟರಿ, ನಾಲ್ಕು ದೀಪ — ತಾಂತ್ರಿಕವಾಗಿ ಇದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಿದ್ದದ್ದು ಅದನ್ನು ಜನರಿಗೆ ತಲುಪಿಸಿದ ಕ್ರಮದಲ್ಲಿ. ಬಡವರು ಒಂದೇ ಕಂತಿನಲ್ಲಿ ಕೊಳ್ಳಲಾರರು, ಆದ್ದರಿಂದ ಗ್ರಾಮೀಣ ಬ್ಯಾಂಕುಗಳು ಸಾಲ ಕೊಡಬೇಕು. ಬ್ಯಾಂಕು ಸಾಲ ಕೊಡಬೇಕಾದರೆ ದೀಪ ಐದು ವರ್ಷ ಉರಿದೀತೆಂಬ ಭರವಸೆ ಬೇಕು. ಅದು ಉರಿಯಬೇಕಾದರೆ ಕೆಟ್ಟಾಗ ರಿಪೇರಿಗೆ ಬರುವವರು ಹತ್ತಿರದಲ್ಲೇ ಇರಬೇಕು. ಸೆಲ್ಕೋ ಊರೂರಿನಲ್ಲಿ ಸೇವಾ ಶಾಖೆ ತೆರೆದದ್ದು ಇದಕ್ಕಾಗಿ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬ ಮಾತನ್ನು ಹಂದೆ ಅನೇಕ ವೇದಿಕೆಗಳಲ್ಲಿ ಹೇಳಿದ್ದಾರೆ. 1928ರ ಪಿಗ್ಮಿಯ ಲೆಕ್ಕ ಇದಕ್ಕಿಂತ ಬೇರೆಯಲ್ಲ. ಸೌರದೀಪಕ್ಕೆ ಮೊದಮೊದಲು ಸಾಲ ಕೊಟ್ಟವರಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಅದು ಪ್ರಾಯೋಜಿಸಿದ ಗ್ರಾಮೀಣ ಬ್ಯಾಂಕುಗಳೂ ಇದ್ದವು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಬ್ಯಾಂಕ್ ಅಧಿಕಾರಿಗಳಿಗೆ ಈ ಸಾಲದ ಬಗ್ಗೆ ತರಬೇತಿ ಕೊಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ಬಡ್ಡಿ ತಗ್ಗಿಸಿದಾಗ ಕೆಲವೇ ವರ್ಷಗಳಲ್ಲಿ 16,000ಕ್ಕೂ ಹೆಚ್ಚು ಮನೆಗಳು ಸೌರದೀಪ ಪಡೆದವು.

ದಾರಿ ಸಲೀಸಾಗಿರಲಿಲ್ಲ. ಜರ್ಮನಿಯ ಸಬ್ಸಿಡಿಯಿಂದ ಜಗತ್ತಿನ ಬೇಡಿಕೆ ಏರಿ ಫಲಕದ ಬೆಲೆ ಮೇಲೆ ಹೋದಾಗ ಸಂಸ್ಥೆ ನಷ್ಟಕ್ಕೆ ಬಿದ್ದು ಮತ್ತೆ ಎದ್ದಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬರುವ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಸೆಲ್ಕೋ ದೀಪ ಉರಿಯುತ್ತಿತ್ತು. ಈಗ ಬಹುತೇಕ ಎಲ್ಲ ಮನೆಗೂ ಕಂಬದ ಕರೆಂಟು ಬಂದಿರುವುದರಿಂದ ಕೆಲಸದ ಸ್ವರೂಪವೂ ಬದಲಾಗಿದೆ. ಸೆಲ್ಕೋ ಫೌಂಡೇಶನ್ ದೇಶದ 25,000 ಆರೋಗ್ಯ ಕೇಂದ್ರಗಳಿಗೆ ಸೌರಶಕ್ತಿ ಒದಗಿಸುವ ಕಾರ್ಯಕ್ರಮ ಕೈಗೆತ್ತಿಕೊಂಡಿದೆ.

ಹಲಗೆ ಹಾಕುವವರು ಯಾರು?

ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಏಪ್ರಿಲ್–ಮೇ ಬಂತೆಂದರೆ ಬಾವಿಗಳು ಬತ್ತುತ್ತವೆ, ನದೀಮುಖದ ಗದ್ದೆಗಳಿಗೆ ಉಪ್ಪುನೀರು ನುಗ್ಗುತ್ತದೆ. ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಬೇಸಗೆಯಲ್ಲಿ ತಳ ಕಂಡಿತ್ತು. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಹೆಚ್ಚು. ಮಳೆನೀರು ನೆಲಕ್ಕಿಳಿಯುವ ಮೊದಲೇ ಸಮುದ್ರ ಸೇರುತ್ತದೆ.

ಇದಕ್ಕೆ ತುಳುನಾಡಿನ ರೈತರು ಹಿಂದಿನಿಂದ ಕಂಡುಕೊಂಡ ಉಪಾಯ ಕಟ್ಟ. ಮಳೆ ನಿಂತ ಮೇಲೆ ಮಣ್ಣು, ಕಲ್ಲು, ಅಡಿಕೆ ಮರದ ಸಲಕೆಗಳಿಂದ ತೋಡಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸುವುದು. ಊರವರೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಅದು. ಆಮೇಲೆ ಸಣ್ಣ ನೀರಾವರಿ ಇಲಾಖೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿತು. ಮಳೆ ಕಳೆದು ಹರಿವು ತಗ್ಗಿದಾಗ ಕಿಂಡಿಗಳಿಗೆ ಹಲಗೆ ಹಾಕಬೇಕು, ಮುಂದಿನ ಮಳೆಗೆ ಮೊದಲು ತೆಗೆಯಬೇಕು. ಹಲಗೆ ಎರಡು ವಾರ ತಡವಾದರೆ ಆ ವರ್ಷದ ನೀರು ಹೋಯಿತು. ತೆಗೆಯುವುದು ತಡವಾದರೆ ನೆರೆ ಗದ್ದೆಗೆ ನುಗ್ಗುತ್ತದೆ. ಹಲಗೆ ಕೊಳೆತು, ಹಾಕುವವರಿಲ್ಲದೆ, ಕಾಂಕ್ರೀಟು ಸುಸ್ಥಿತಿಯಲ್ಲಿದ್ದರೂ ಕೆಲಸಕ್ಕೆ ಬಾರದೆ ನಿಂತ ಅಣೆಕಟ್ಟುಗಳನ್ನು ಜಿಲ್ಲೆಯ ಜನ ಕಂಡಿದ್ದಾರೆ. ಮರದ ಬದಲು ಫೈಬರ್ ಹಲಗೆಗಳು ಬಂದದ್ದು ಒಳ್ಳೆಯ ಸುಧಾರಣೆ. ಆದರೆ ಯಾವ ವಾರ ಹಾಕಬೇಕು, ಕೂಲಿ ಯಾರು ಕೊಡಬೇಕು, ಕದ್ದುಹೋದರೆ ಯಾರು ಹೊಣೆ ಎಂಬುದನ್ನು ಹಲಗೆಯ ವಸ್ತು ತೀರ್ಮಾನಿಸುವುದಿಲ್ಲ. ಅದನ್ನು ಪಂಚಾಯಿತಿ, ರೈತರು, ಎಂಜಿನಿಯರ್ ಕೂತು ಇತ್ಯರ್ಥ ಮಾಡಬೇಕು.

ಕಡಲತೀರದಲ್ಲೂ ಕಥೆ ಇಂಥದ್ದೇ. ಕಾಪು, ಪಡುಬಿದ್ರಿ, ಮರವಂತೆಗಳಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ಬಂಡೆ ಸುರಿಯುವುದು ರೂಢಿ. ಬಂಡೆ ಮರಳಿಗೆ ಇಳಿಯುತ್ತದೆ. ತಡೆಗೋಡೆ ಮುಗಿಯುವಲ್ಲಿ ಅಲೆಯ ಹೊಡೆತ ಹೆಚ್ಚಿ ಪಕ್ಕದ ಊರಿನ ತೀರ ಕೊರೆದುಹೋಗುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದಲ್ಲಿ ಕಡಲೊಳಗೇ ಬಂಡೆದಿಬ್ಬ ನಿರ್ಮಿಸಿ ಅಲೆಯ ರಭಸ ತಗ್ಗಿಸುವ ಪ್ರಯತ್ನವಾಯಿತು. ಮರಳಿನ ಚಲನೆಯನ್ನು ವರ್ಷಾನುಗಟ್ಟಲೆ ಅಳೆದು ವಿನ್ಯಾಸ ಮಾಡುವ ಎಂಜಿನಿಯರ್‌ಗಳು ಇಲ್ಲಿ ಇನ್ನೂ ಬೇಕಾಗಿದ್ದಾರೆ.

ಮೀನುಗಾರರ ಸುರಕ್ಷತೆಯನ್ನೂ ಇದೇ ಸಾಲಿನಲ್ಲಿ ನೋಡಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಕುಟುಂಬಗಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ಈಗ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್‌ಗಳನ್ನು ದೋಣಿಗಳಿಗೆ ಅಳವಡಿಸಲಾಗುತ್ತಿದೆ. ಮೊಬೈಲ್ ಸಂಕೇತ ಸಿಗದ ದೂರದಿಂದಲೂ ಅವು ಅಪಾಯದ ಕರೆ ಕಳಿಸಬಲ್ಲವು. ಉಪಕರಣಕ್ಕೆ ಉಪ್ಪುಗಾಳಿ ತಾಗದಂತೆ, ಅದು ಸದಾ ಚಾಲೂ ಇರುವಂತೆ, ಕರೆ ಬಂದಾಗ ದಡದಲ್ಲಿ ಉತ್ತರಿಸುವವರಿರುವಂತೆ ನೋಡಿಕೊಳ್ಳುವುದು ಎಂಜಿನಿಯರ್‌ಗಳ ಮುಂದಿರುವ ದಿನನಿತ್ಯದ ಕೆಲಸ.

ಕಾಪುವಿನ ಅನುಭವ: ಯಾರ ಹಿತ?

ಸಮಾಜಹಿತ ಎಂಬ ಮಾತು ಎಷ್ಟು ಕಠಿಣವೆಂದು ಕಾಪು ತಾಲೂಕಿನ ಎಲ್ಲೂರು–ನಂದಿಕೂರು ಪ್ರದೇಶ ತೋರಿಸುತ್ತದೆ. 1990ರ ದಶಕದಲ್ಲಿ ಇಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಬಂತು. ಪರಿಸರ ಹೋರಾಟ ಮತ್ತು ವರ್ಷಗಳ ಗೊಂದಲದ ನಂತರ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ಸ್ಥಾವರದ ಯೋಜನೆ ಮಾತ್ರ ಬೇರೆ ಕೈಗಳಿಗೆ ದಾಟಿ, 2010ರಿಂದ 2012ರ ನಡುವೆ 600 ಮೆಗಾವಾಟ್‌ನ ಎರಡು ಘಟಕಗಳಾಗಿ ಎದ್ದುನಿಂತಿತು. 2015ರಿಂದ ಅದು ಅದಾನಿ ಸಮೂಹದ್ದು. ರಾಜ್ಯಕ್ಕೆ ವಿದ್ಯುತ್ ಬೇಕಿತ್ತು, ಅದು ದೊರೆತದ್ದೂ ನಿಜ. ಆದರೆ ಹಾರುಬೂದಿ, ಕಲ್ಲಿದ್ದಲ ದೂಳು, ಬಾವಿಗೆ ಉಪ್ಪಿನಂಶ, ಬೆಳೆನಷ್ಟದ ಬಗ್ಗೆ ಸುತ್ತಲಿನ ಜನ ದೂರುತ್ತಲೇ ಬಂದರು. ಶಂಕರಪುರ ಮಲ್ಲಿಗೆ, ಮಟ್ಟುಗುಳ್ಳದಂಥ ಬೆಳೆಗಳ ಸೀಮೆ ಇದು. ಮನೆಯಂಗಳದ ಮಲ್ಲಿಗೆ ಗಿಡಗಳೇ ಇಲ್ಲಿ ಎಷ್ಟೋ ಹೆಂಗಸರ ದಿನದ ಆದಾಯ.

ನಂದಿಕೂರಿನ ಜನಜಾಗೃತಿ ಸಮಿತಿ ಈ ದೂರನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದಿತು. ತಜ್ಞರ ಸಮಿತಿಯ ಪರಿಶೀಲನೆಯ ನಂತರ ಮಂಡಳಿಯ ದಕ್ಷಿಣ ಪೀಠ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರಕ್ಕೆ ಆದೇಶಿಸಿತು. ಮಲ್ಲಿಗೆ ಮೊಗ್ಗು ಕಪ್ಪಾಗುತ್ತಿದೆ ಎಂಬ ರೈತ ಮಹಿಳೆಯ ಮಾತು ನ್ಯಾಯಪೀಠದ ಮುಂದೆ ನಿಲ್ಲಬೇಕಾದರೆ ಗಾಳಿಯ ಕಣ, ಬಾವಿಯ ಲವಣಾಂಶ, ಇಳುವರಿಯ ಅಂಕಿಗಳು ಬೇಕು. ಅಳೆಯಲು ಬಲ್ಲವರು, ಅಳತೆಯನ್ನು ಮುಚ್ಚಿಡದವರು ಬೇಕು. ಸ್ಥಾವರದೊಳಗಿನ ಎಂಜಿನಿಯರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಎಂಜಿನಿಯರ್, ಊರವರ ಪರ ನಿಂತ ಎಂಜಿನಿಯರ್ ಮೂವರೂ ಒಂದೇ ಪಠ್ಯ ಓದಿದವರು. ಜನರಿಗೆ ಹಿತವೋ ಅಹಿತವೋ ಎಂಬುದನ್ನು ಅವರ ಪದವಿ ನಿರ್ಧರಿಸಲಿಲ್ಲ, ಅವರು ದಾಖಲಿಸಿದ ಸತ್ಯ ನಿರ್ಧರಿಸಿತು.

ಹಸಿರು ಉದ್ಯಮ ಎಂದಾಕ್ಷಣ ಈ ಪ್ರಶ್ನೆ ತೀರುವುದಿಲ್ಲ. ಇದೇ ತಾಲೂಕಿನ ಪಡುಬಿದ್ರಿಯಲ್ಲಿ ಸುಜ್ಲಾನ್ ಕಂಪನಿ ಗಾಳಿಯಂತ್ರದ ರೆಕ್ಕೆಗಳ ಕಾರ್ಖಾನೆ ತೆರೆಯಿತು. ಗಾಳಿ ವಿದ್ಯುತ್ ಶುದ್ಧವಾದುದೇ, ಆದರೂ ಕಾರ್ಖಾನೆಗೆ ನೆಲ ಬೇಕಾದಾಗ ಅಲ್ಲೂ ರೈತರ ವಿರೋಧ ಎದ್ದಿತು. ಲೋಕಕ್ಕೆ ಒಳಿತಾಗುವ ಯೋಜನೆಯ ಬೆಲೆಯನ್ನು ಒಂದು ಊರೇ ತೆರುವಂತಾದರೆ ಆ ಬೆಲೆಯನ್ನು ಲೆಕ್ಕಕ್ಕೆ ತರುವುದೂ ಎಂಜಿನಿಯರನ ಕರ್ತವ್ಯ.

ಕಾರ್ಕಳದ ಕಸ, ಮಣಿಪಾಲದ ಉಪಕರಣ

ಹೆಸರು ತರದ ಕೆಲಸಗಳಲ್ಲಿ ಎಷ್ಟು ಅವಕಾಶವಿದೆ ಎಂಬುದಕ್ಕೆ ಕಾರ್ಕಳ ತಾಲೂಕು ನಿದರ್ಶನ. ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿರ್ವಹಿಸಬಲ್ಲ ಘಟಕವಿದೆ, ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಇಂಥದ್ದು ಮೊದಲಿನದು. ಒಂದೊಂದು ಪಂಚಾಯಿತಿಯ ಪ್ಲಾಸ್ಟಿಕ್ ಮಾರುವಷ್ಟು ಗಾತ್ರಕ್ಕೆ ಬರುವುದಿಲ್ಲ. ಹತ್ತಾರು ಪಂಚಾಯಿತಿಗಳ ಕಸ ಒಂದೆಡೆ ಸೇರಿ, ಬೇರ್ಪಟ್ಟು, ಒತ್ತಿ ಕಟ್ಟುಗಳಾದರೆ ಕೊಳ್ಳುವವರು ಸಿಗುತ್ತಾರೆ. ವಾಹನದ ಮಾರ್ಗ, ಬೆಲ್ಟಿನ ವೇಗ, ಕೆಲಸಗಾರರ ಕೈಗವಸು, ದೂಳು ಹೀರುವ ಫ್ಯಾನು, ಮಾರಾಟದ ದರ ಎಲ್ಲವೂ ಹೊಂದಿದರೆ ಮಾತ್ರ ಘಟಕ ನಡೆದೀತು. ಮನೆ ಮನೆಯಿಂದ ಕಸ ತರುವುದರಲ್ಲಿ ಜಿಲ್ಲೆಯ ಸ್ವಸಹಾಯ ಸಂಘಗಳ ಮಹಿಳೆಯರ ಪಾಲು ದೊಡ್ಡದು.

ಕಾರ್ಕಳದ ಗೇರುಬೀಜ ಕಾರ್ಖಾನೆಗಳದೂ ಹೀಗೆಯೇ. ಸಿಪ್ಪೆಯ ಎಣ್ಣೆ ಚರ್ಮ ಸುಡುವಂಥದ್ದು. ಸುಲಿಯುವ ಕೆಲಸದಲ್ಲಿರುವವರು ಬಹುಪಾಲು ಹೆಂಗಸರು. ಬೇಳೆ ಒಡೆಯದೆ, ಕೈ ಸುಡದೆ, ಕೆಲಸವನ್ನೂ ಕಸಿಯದೆ ನಡೆಯುವ ಯಂತ್ರ ಯಾವುದು ಎಂಬುದು ಪದವಿ ಮುಗಿಸುವ ಯಾವ ವಿದ್ಯಾರ್ಥಿಗೂ ಯೋಗ್ಯವಾದ ಸಮಸ್ಯೆ. ನಿಟ್ಟೆಯ ಕಾಲೇಜಿನಿಂದ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರಬಹುದು.

ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ನಡೆದು ಹೋಗುವಷ್ಟು ಹತ್ತಿರ. ರಾಷ್ಟ್ರೀಯ ಆರೋಗ್ಯ ಅಭಿಯಾನವು ದೇಶದ 29,115 ಸರ್ಕಾರಿ ಆರೋಗ್ಯ ಸಂಸ್ಥೆಗಳ ಉಪಕರಣಗಳನ್ನು ಎಣಿಸಿದಾಗ, ರಾಜ್ಯಗಳಲ್ಲಿ ಶೇ. 13ರಿಂದ 34ರಷ್ಟು ಕೆಟ್ಟು ಕೂತಿದ್ದು ಕಂಡುಬಂತು. ಹೊಸ ಯಂತ್ರ ಕಂಡುಹಿಡಿಯುವವರಿಗೆ ಪ್ರಶಸ್ತಿಗಳಿವೆ. ತಾಲೂಕು ಆಸ್ಪತ್ರೆಯ ನವಜಾತ ಶಿಶುವಿನ ವಾರ್ಮರ್ ಕೆಟ್ಟ ದಿನವೇ ಸರಿಪಡಿಸುವ ಬಯೋಮೆಡಿಕಲ್ ಎಂಜಿನಿಯರ್‌ಗೂ ಅಷ್ಟೇ ಗೌರವ ಸಲ್ಲಬೇಕು.

ಕಂಡುಹಿಡಿಯುವವರಷ್ಟೇ ಕಟ್ಟಿ ನಡೆಸುವವರೂ ಮುಖ್ಯ ಎಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲೇ ಹಳೆಯ ಸಾಕ್ಷ್ಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಸೌದೆ ಉಳಿಸಿತು, ಹೊಗೆ ತಗ್ಗಿಸಿತು. ಆದರೆ ಒಲೆಯ ಒಳ ಅಳತೆ ಸ್ವಲ್ಪ ತಪ್ಪಿದರೂ ಲಾಭ ಸಿಗದು. ಅಳತೆ ಬಲ್ಲ ಗಾರೆಯವರು ಕಟ್ಟಿದಲ್ಲಿ ಅದು ಉಳಿಯಿತು, ಗುರಿಮುಟ್ಟುವ ಅವಸರದಲ್ಲಿ ಕಟ್ಟಿದಲ್ಲಿ ಮನೆಯವರೇ ಕೆಡವಿದರು.

ಸರ್ಕಾರಿ ಕುರ್ಚಿ, ದಾನದ ಹಣ

ಸಮಾಜಸೇವೆಯ ಮಾತು ಬಂದಾಗ ಸರ್ಕಾರಿ ಎಂಜಿನಿಯರನನ್ನು ಮರೆಯುತ್ತೇವೆ. 1993ರಲ್ಲಿ ಉಡುಪಿಗೆ ಮೊದಲ ರೈಲು ತಂದ, 1998ರಲ್ಲಿ ಮುಂಬಯಿಯನ್ನು ಜೋಡಿಸಿದ ಕೊಂಕಣ ರೈಲ್ವೆ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಸಂಬಳಕ್ಕೆ ದುಡಿದ ಎಂಜಿನಿಯರ್‌ಗಳ ಸಾಧನೆ. ಮಳೆಗಾಲದ ಗಾಳಿಗೆ ಮುರಿದ ಕಂಬಗಳನ್ನು ನಿಲ್ಲಿಸುವ ಮೆಸ್ಕಾಂ ಸಿಬ್ಬಂದಿ, ಮೋರಿಯ ಅಗಲ ನಿರ್ಧರಿಸುವ ಪಂಚಾಯತ್ ರಾಜ್ ಎಂಜಿನಿಯರ್ ಇವರ ಒಂದು ಪ್ರಾಮಾಣಿಕ ಅಂದಾಜುಪಟ್ಟಿ ಇಡೀ ಗ್ರಾಮವನ್ನು ನೆರೆಯಿಂದ ಉಳಿಸಬಲ್ಲದು. ಅಲ್ಲಿ ವರ್ಗಾವಣೆಯ ಕಾಟವಿದೆ, ಒತ್ತಡವಿದೆ. ಹಾಗಿದ್ದೂ ಅಷ್ಟು ಜನರ ಬದುಕನ್ನು ತಟ್ಟುವ ಅಧಿಕಾರ ಇನ್ನಾವ ಆರಂಭಿಕ ಹುದ್ದೆಗೂ ಇಲ್ಲ.

ಇನ್ನು ಗಳಿಸಿ ಕೊಡುವ ದಾರಿ. ಕರಾವಳಿಗೆ ಇದು ಚಿರಪರಿಚಿತ. ಮುಂಬಯಿ, ಕೊಲ್ಲಿ ದೇಶಗಳ ದುಡಿಮೆಯಿಂದ ಇಲ್ಲಿನ ದೇವಸ್ಥಾನ, ದೈವಸ್ಥಾನ, ಶಾಲೆಗಳು ಎದ್ದಿವೆ. ಎಷ್ಟೋ ಕನ್ನಡ ಶಾಲೆಗಳು ಹಳೆ ವಿದ್ಯಾರ್ಥಿಗಳ ಹಣದಿಂದ ಉಸಿರಾಡುತ್ತಿವೆ. ಇದನ್ನು ಕೀಳುಗಳೆಯುವುದು ಕೃತಘ್ನತೆ. ಆದರೆ ಈ ದಾರಿಯ ಮಿತಿಯೂ ಇಲ್ಲೇ ಕಂಡಿದೆ. ಕಾಪುವಿನಲ್ಲಿ ಹುಟ್ಟಿ ಅಬುಧಾಬಿಯಲ್ಲಿ ಉದ್ಯಮ ಬೆಳೆಸಿದ ಡಾ. ಬಿ.ಆರ್. ಶೆಟ್ಟಿ 2017ರಲ್ಲಿ ಉಡುಪಿಗೆ 200 ಹಾಸಿಗೆಗಳ ತಾಯಿ–ಮಗು ಆಸ್ಪತ್ರೆ ಕಟ್ಟಿಸಿಕೊಟ್ಟರು. ಸಾವಿರಾರು ಬಡ ತಾಯಂದಿರಿಗೆ ಅದು ಆಸರೆಯಾಯಿತು. 2020ರಲ್ಲಿ ಅವರ ಉದ್ಯಮ ಕುಸಿದಾಗ ಆಸ್ಪತ್ರೆಯ ಸಿಬ್ಬಂದಿ ವೇತನಕ್ಕೆ ಪರದಾಡಿದರು, ಕೊನೆಗೆ ಸರ್ಕಾರ ನಿರ್ವಹಣೆ ವಹಿಸಿಕೊಳ್ಳಬೇಕಾಯಿತು. ಕಟ್ಟಡಕ್ಕೆ ದಾನಿ ಸಾಕು, ನಡೆಸಲು ಸ್ಥಿರವಾದ ವ್ಯವಸ್ಥೆ ಬೇಕು. ಗಳಿಸಿ ಕೊಡುವ ದಾರಿಯನ್ನು ಮೊದಲು ಗಟ್ಟಿಯಾಗಿ ಸಾರಿದ ‘80,000 ಅವರ್ಸ್’ ಕೂಡ ಮುಂದೆ ಅದಕ್ಕೆ ಕೊಟ್ಟ ಒತ್ತನ್ನು ತಗ್ಗಿಸಿ, ನೇರ ಕೆಲಸದತ್ತ ಹೆಚ್ಚು ಗಮನ ಕೊಟ್ಟಿತು.

ಆಯ್ಕೆಯ ಮಾನದಂಡ

ಇಷ್ಟೂ ಉದಾಹರಣೆಗಳನ್ನು ಒಟ್ಟಿಗೆ ಇಟ್ಟಾಗ ನನಗೆ ಕಾಣುವುದು ಒಂದೇ ಸಂಗತಿ. ಎಂಜಿನಿಯರಿಂಗ್ ಜನರಿಗೆ ದಕ್ಕುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಯಂತ್ರ ಕೂರಿಸಿದ ನಂತರದ ವರ್ಷಗಳಲ್ಲಿ. ಸೌರದೀಪದ ಸೇವಾ ಶಾಖೆ, ಕಿಂಡಿಯ ಹಲಗೆ, ಬಾವಿಯ ಅಳತೆ, ಆಸ್ಪತ್ರೆಯ ರಿಪೇರಿ ಎಲ್ಲವೂ ಹೇಳುವುದು ಇದನ್ನೇ. ಆದ್ದರಿಂದ ಕೆಲಸ ಆರಿಸುವ ಯುವಕ ಯುವತಿಯರು ಕ್ಷೇತ್ರದ ಹೆಸರು ನೋಡಿ ಮರುಳಾಗಬಾರದು. ನಾನು ಮಾಡಿದ್ದು ಕೆಟ್ಟರೆ ಅದು ನನ್ನ ಕಿವಿಗೆ ಬೀಳುತ್ತದೆಯೇ, ಸರಿಪಡಿಸುವ ಅಧಿಕಾರ ನನಗಿದೆಯೇ, ನಾನಿಲ್ಲದಿದ್ದರೆ ಈ ಕೆಲಸ ಇಷ್ಟು ಚೆನ್ನಾಗಿ ಆಗುತ್ತಿತ್ತೇ ಎಂದು ಕೇಳಿಕೊಳ್ಳಬೇಕು. ದೊಡ್ಡ ಕಂಪನಿಯಲ್ಲಿದ್ದೂ ಈ ಪ್ರಶ್ನೆಗಳಿಗೆ ಹೌದೆನ್ನಬಲ್ಲವರಿದ್ದಾರೆ, ಸೇವಾಸಂಸ್ಥೆಯಲ್ಲಿದ್ದೂ ಹೇಳಲಾಗದವರಿದ್ದಾರೆ.

ಶಿಕ್ಷಣ ಸಾಲ ಹೊತ್ತು ಹೊರಬರುವವರಿಗೆ ಮೊದಲ ದಿನವೇ ಕಡಿಮೆ ಸಂಬಳದ ಕೆಲಸ ಹಿಡಿ ಎನ್ನುವುದು ನ್ಯಾಯವಲ್ಲ. ಮೊದಲ ಕೆಲವು ವರ್ಷ ಒಳ್ಳೆಯ ಸಂಸ್ಥೆಯಲ್ಲಿ ಕಸುಬನ್ನು ಗಟ್ಟಿಯಾಗಿ ಕಲಿತು, ಸಾಲ ತೀರಿಸಿ, ನಂತರ ತಿರುಗಿದರೂ ತಡವಲ್ಲ. ಕಸುಬು ಬಾರದ ಸದುದ್ದೇಶದಿಂದ ಊರಿಗೆ ಉಪಕಾರವಿಲ್ಲ. ಆದರೆ ಈ ನಡುವೆ ಊರಿನೊಡನೆ ಮಾತು ಬಿಡಬಾರದು. ಪಂಚಾಯಿತಿಯ ಒಂದು ನೀರಿನ ಯೋಜನೆ, ಒಂದು ಆಸ್ಪತ್ರೆಯ ಒಂದು ಯಂತ್ರ, ಒಂದು ಕಿಂಡಿ ಅಣೆಕಟ್ಟಿನ ಒಂದು ಹಂಗಾಮು ಹೀಗೆ ಸಣ್ಣದನ್ನು ಪೂರ್ತಿ ನಿಭಾಯಿಸಿ ನೋಡಬೇಕು.

ಕಾಲೇಜುಗಳಲ್ಲಿ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ಪ್ರದರ್ಶನದ ಮೇಜಿನ ಮೇಲೆ ಮುಗಿಸಬೇಡಿ. ಕಾಪುವಿನ ಬಾವಿಗಳ ಲವಣಾಂಶವನ್ನೋ, ಕಾರ್ಕಳದ ಗೇರು ಕಾರ್ಖಾನೆಯ ಹೊಗೆಯನ್ನೋ, ಉಡುಪಿಯ ಸರ್ಕಾರಿ ಆಸ್ಪತ್ರೆಯ ಉಪಕರಣಗಳ ಸ್ಥಿತಿಯನ್ನೋ ವರ್ಷದಿಂದ ವರ್ಷಕ್ಕೆ ತಂಡದಿಂದ ತಂಡಕ್ಕೆ ದಾಟಿಸಿ, ಹತ್ತು ವರ್ಷದ ದಾಖಲೆ ಕಟ್ಟಿ. ತಂದೆತಾಯಿಯರಲ್ಲಿ ಇನ್ನೊಂದು ವಿನಂತಿ. ಮಗಳು ತಾಲೂಕು ಕಚೇರಿಯ ಎಂಜಿನಿಯರ್ ಆಗುತ್ತೇನೆ, ಮಗ ಸೌರಪಂಪಿನ ಸೇವಾ ಶಾಖೆ ತೆರೆಯುತ್ತೇನೆ ಎಂದಾಗ ಅದನ್ನು ಸೋಲೆಂದು ಎಣಿಸಬೇಡಿ. ಈ ಜಿಲ್ಲೆಯ ನೀರು, ಕಡಲು, ಕಸ, ಆಸ್ಪತ್ರೆಗಳನ್ನು ಇನ್ನು ಮುಂದೆ ನೋಡಿಕೊಳ್ಳಬೇಕಾದವರು ಅವರೇ.